ಹಲವು ಯಂತ್ರಗಳ ಒಂದೇ ಕಿರ್ದಿ

ಅಂಗಡಿಯ ವ್ಯವಹಾರವನ್ನು ಕಂಡವರಿಗೆಲ್ಲ ಕಿರ್ದಿ ಪುಸ್ತಕದ ಪರಿಚಯ ಉಂಟು. ಬೆಳಗ್ಗೆ ಬಾಗಿಲು ತೆರೆದುದು ಮೊದಲುಗೊಂಡು ರಾತ್ರಿ ಬಾಗಿಲು ಹಾಕುವವರೆಗೆ ನಡೆದ ಕೊಡುಕೊಳ್ಳುವಿಕೆಯೆಲ್ಲವೂ, ನಡೆದ ಕ್ರಮದಲ್ಲಿಯೇ, ಒಂದರ ಕೆಳಗೊಂದು ಸಾಲಾಗಿ ಅದರಲ್ಲಿ ಸೇರುತ್ತದೆ. ಬರೆದುದನ್ನು ಅಳಿಸಕೂಡದು, ತಪ್ಪು ಕಂಡರೆ ಕೆಳಗೆ ಮತ್ತೊಂದು ಸಾಲನ್ನು ಬರೆದು ಸರಿಪಡಿಸಬೇಕು. ಸಂಜೆ ಹಣದ ಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಯಜಮಾನನು ಮೊದಲು ತೆರೆಯುವುದು ಈ ಪುಸ್ತಕವನ್ನೇ.

ಗಣಕಯಂತ್ರಗಳೂ ಇಂಥ ಕಿರ್ದಿಯನ್ನು ಬರೆಯುತ್ತವೆ. ಅದಕ್ಕೆ ಲಾಗ್ ಎಂದು ಹೆಸರು. ಈ ಹೆಸರು ಬಂದದ್ದು ಹಾಯಿಹಡಗುಗಳಿಂದ. ಹಡಗಿನ ವೇಗವನ್ನು ಅಳೆಯಲು ನಾವಿಕರು ಒಂದು ಮರದ ತುಂಡಿಗೆ ಹಗ್ಗ ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ಹಗ್ಗದಲ್ಲಿ ಸಮಾನ ದೂರಗಳಲ್ಲಿ ಗಂಟುಗಳಿರುತ್ತಿದ್ದವು. ಮರಳು ಗಡಿಯಾರದ ಮರಳು ಇಳಿದು ಮುಗಿಯುವುದರೊಳಗೆ ಎಷ್ಟು ಗಂಟುಗಳು ಕೈಜಾರಿ ಹೋದವೆಂದು ಎಣಿಸಿ, ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮರದ ತುಂಡಿನ ಹೆಸರು ಪುಸ್ತಕಕ್ಕೆ ಬಂದಿತು. ಪುಸ್ತಕದ ಹೆಸರು ಕಾಲಾನಂತರದಲ್ಲಿ ಗಣಕಗಳ ದಾಖಲೆಗೆ ಬಂದಿತು.

ಒಂದು ಯಂತ್ರಕ್ಕೆ ಒಂದು ಕಿರ್ದಿ ಎಂಬಷ್ಟರಲ್ಲಿಯೇ ವ್ಯವಹಾರ ಮುಗಿಯುತ್ತಿದ್ದ ಕಾಲ ಒಂದಿತ್ತು. ಇಂದು ನಾವು ಮೊಬೈಲಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ, ಆ ಒಂದು ಕೋರಿಕೆಯನ್ನು ಪೂರೈಸಲು ಎಲ್ಲೆಲ್ಲಿಯೋ ಇರುವ ಹತ್ತಾರು ತಂತ್ರಾಂಶಗಳು ದುಡಿಯುತ್ತವೆ. ಅವುಗಳಲ್ಲಿ ಪ್ರತಿಯೊಂದೂ ತನ್ನ ಕಿರ್ದಿಯನ್ನು ತಾನೇ ಬರೆದುಕೊಳ್ಳುತ್ತದೆ. ಇವೆಲ್ಲವನ್ನೂ ಒಂದೆಡೆ ಕೂಡಿಸಿ ಓದುವ ಏರ್ಪಾಡು ಹೇಗಿರುತ್ತದೆ, ಅದು ಏಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಒಂದು ಹಲವಾದ ಬಗೆ

ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ ಚಲನಚಿತ್ರಗಳ ಡಿ.ವಿ.ಡಿ.ಗಳನ್ನು ಅಂಚೆಯ ಮೂಲಕ ಕಳುಹಿಸುತ್ತಿದ್ದ ಕಾಲದಲ್ಲಿ, 2008ರ ಆಗಸ್ಟ್ ತಿಂಗಳಲ್ಲಿ, ಅದರ ದತ್ತಸಂಗ್ರಹ ಕೆಟ್ಟುಹೋಯಿತು. ಮೂರು ದಿನಗಳ ಕಾಲ ಗ್ರಾಹಕರಿಗೆ ಡಿ.ವಿ.ಡಿ.ಗಳನ್ನು ಕಳುಹಿಸಲು ಸಾಧ್ಯವಾಗಲಿಲ್ಲ. ಎಲ್ಲ ಭಾರವನ್ನೂ ಒಂದೇ ಕಂಬದ ಮೇಲೆ ಹೊರಿಸಿದರೆ ಕಂಬ ಮುರಿದಾಗ ಮನೆಯೇ ಬೀಳುವುದೆಂಬ ಪಾಠವನ್ನು ಕಲಿತ ಸಂಸ್ಥೆಯು, ತನ್ನ ಯಂತ್ರಾಗಾರವನ್ನು ಬಿಟ್ಟು ಬಾಡಿಗೆಯ ಗಣಕಗಳ ಕಡೆಗೆ, ಎಂದರೆ ಕ್ಲೌಡಿನ ಕಡೆಗೆ, ಹೊರಟಿತು. ಜೊತೆಗೆ ತನ್ನ ಬೃಹತ್ ತಂತ್ರಾಂಶವನ್ನು ನೂರಾರು ಚಿಕ್ಕ ಚಿಕ್ಕ ಸೇವೆಗಳಾಗಿ ಒಡೆಯಿತು. ಈ ಕೆಲಸ ಮುಗಿದದ್ದು 2016ರ ಜನವರಿಯಲ್ಲಿ.

ಇಂಥ ಚಿಕ್ಕ ಸೇವೆಗಳಿಗೆ ಮೈಕ್ರೋಸರ್ವಿಸ್ ಎಂದು ಹೆಸರು. ನಾವು ಕಿರುಸೇವೆ ಎನ್ನೋಣ. ಇವುಗಳ ಅನುಕೂಲ ಸ್ಪಷ್ಟವಾಗಿಯೇ ಇದೆ. ಒಂದು ಕೆಟ್ಟರೆ ಉಳಿದವು ನಡೆಯುತ್ತಿರುತ್ತವೆ. ಒಂದನ್ನು ಬದಲಾಯಿಸಲು ಎಲ್ಲವನ್ನೂ ನಿಲ್ಲಿಸಬೇಕಾಗಿಲ್ಲ. ಯಾವುದಕ್ಕೆ ಕೆಲಸ ಹೆಚ್ಚೋ ಅದರ ಪ್ರತಿಗಳನ್ನಷ್ಟೇ ಹೆಚ್ಚಿಸಬಹುದು. ಆದರೆ ಇದಕ್ಕೆ ಬೆಲೆಯೂ ಉಂಟು. ಒಬ್ಬನೇ ಗುಮಾಸ್ತನು ಮಾಡುತ್ತಿದ್ದ ಕೆಲಸವನ್ನು ಇಪ್ಪತ್ತು ಮಂದಿಗೆ ಹಂಚಿದಾಗ, ಕಾಗದ ಎಲ್ಲಿ ಕಳೆಯಿತೆಂದು ಹುಡುಕಲು ಇಪ್ಪತ್ತು ಮೇಜುಗಳನ್ನು ಸುತ್ತಬೇಕಾಗುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಕಿರುಸೇವೆಗಳು ಸಾಮಾನ್ಯವಾಗಿ ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ನಡೆಯುತ್ತವೆ. ಕೆಲಸ ಹೆಚ್ಚಾದಾಗ ಹೊಸ ಕಂಟೇನರುಗಳು ಹುಟ್ಟುತ್ತವೆ. ಕಡಿಮೆಯಾದಾಗ ಅವನ್ನು ಅಳಿಸಿಬಿಡಲಾಗುತ್ತದೆ. ಕಿರ್ದಿಯನ್ನು ಕಂಟೇನರಿನೊಳಗೆಯೇ ಬರೆದಿಟ್ಟಿದ್ದರೆ ಅದರೊಡನೆ ಕಿರ್ದಿಯೂ ನಾಶವಾಗುತ್ತದೆ. ಕೆಟ್ಟು ಸತ್ತ ಸೇವೆಯು ತನ್ನ ಸಾವಿನ ಕಾರಣವನ್ನೂ ತನ್ನೊಡನೆಯೇ ಒಯ್ದಂತಾಗುತ್ತದೆ. ಆದುದರಿಂದ ದಾಖಲೆಗಳನ್ನು ಹುಟ್ಟಿದ ಸ್ಥಳದಲ್ಲಿ ಬಿಡದೆ ಕೂಡಲೆ ಹೊರಗೆ ಸಾಗಿಸುವುದು ಅವಶ್ಯಕ.

ನಾಲ್ಕು ಸಾಲುಗಳ ಸಾಕ್ಷ್ಯ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಯ ಶುಲ್ಕವನ್ನು ಮೊಬೈಲಿನ ಮೂಲಕ ಕಟ್ಟುತ್ತಾಳೆ. ಬ್ಯಾಂಕಿನ ಖಾತೆಯಿಂದ ಹಣ ಹೋಗಿದೆ. ರಸೀದಿ ಮಾತ್ರ ಬಂದಿಲ್ಲ. ‘ಶುಲ್ಕ ಸಂದಾಯವಾಗಿಲ್ಲ’ ಎಂದು ಪರದೆಯ ಮೇಲೆ ಕಾಣುತ್ತದೆ. ಕಡೆಯ ದಿನ ಅದೇ ಆಗಿದ್ದರೆ ಅವಳ ಒಂದು ವರ್ಷವೇ ಹೋದೀತು. ಅವಳ ಮಾತು ನಿಜವೋ, ಯಂತ್ರದ ಮಾತು ನಿಜವೋ? ಇದನ್ನು ತೀರ್ಮಾನಿಸಲು ದಾಖಲೆಯ ಹೊರತು ಬೇರೆ ಸಾಕ್ಷಿಯಿಲ್ಲ.

ಅರ್ಜಿ ಸೇವೆ, ಶುಲ್ಕ ಸೇವೆ, ಬ್ಯಾಂಕ್ ಸಂಪರ್ಕ ಸೇವೆ ಎಂಬ ಮೂರು ಕಿರುಸೇವೆಗಳ ಕಿರ್ದಿಗಳನ್ನು ಒಂದೆಡೆ ಕೂಡಿಸಿದಾಗ ಕೆಳಗಿನ ಸಾಲುಗಳು ದೊರೆತವೆನ್ನೋಣ:

10:15:02 — ಅರ್ಜಿ ಸೇವೆ — ಶುಲ್ಕ ಕಟ್ಟುವ ಕೋರಿಕೆ ಬಂದಿತು. ಶುಲ್ಕ ಸೇವೆಗೆ ಕಳುಹಿಸಲಾಯಿತು.
10:15:02 — ಶುಲ್ಕ ಸೇವೆ — ಬ್ಯಾಂಕ್ ಸಂಪರ್ಕ ಸೇವೆಗೆ ಕಳುಹಿಸಲಾಯಿತು. 10 ಸೆಕೆಂಡು ಕಾಯಲಾಗುವುದು.
10:15:12 — ಶುಲ್ಕ ಸೇವೆ — ಉತ್ತರ ಬರಲಿಲ್ಲ, ರಸೀದಿ ರದ್ದಾಯಿತು.
10:15:14 — ಬ್ಯಾಂಕ್ ಸಂಪರ್ಕ ಸೇವೆ — ಹಣ ಸಂದಾಯವಾಯಿತು, ಉತ್ತರ ಕಳುಹಿಸಲಾಯಿತು.

ಇಲ್ಲಿ ಯಾವ ಸೇವೆಯೂ ಸುಳ್ಳು ಬರೆದಿಲ್ಲ. ಶುಲ್ಕ ಸೇವೆಯ ಪುಸ್ತಕವೊಂದನ್ನೇ ಓದಿದವರು ಹಣ ಬರಲಿಲ್ಲವೆನ್ನುತ್ತಾರೆ. ಬ್ಯಾಂಕ್ ಸಂಪರ್ಕ ಸೇವೆಯ ಪುಸ್ತಕವೊಂದನ್ನೇ ಓದಿದವರು ಎಲ್ಲವೂ ಸರಿಯಾಗಿದೆಯೆನ್ನುತ್ತಾರೆ. ಕುರುಡರು ಆನೆಯನ್ನು ಮುಟ್ಟಿನೋಡಿದ ಕಥೆಯಂತೆ ಇಬ್ಬರ ಮಾತೂ ಅವರವರ ಮಟ್ಟಿಗೆ ನಿಜ. ಎರಡನ್ನೂ ಒಂದರ ಕೆಳಗೊಂದು ಇಟ್ಟಾಗಲೇ ದೋಷ ಗೋಚರವಾಗುವುದು: ಹಣ ತಲುಪುವುದಕ್ಕೆ 2 ಸೆಕೆಂಡು ಮೊದಲೇ ಶುಲ್ಕ ಸೇವೆಯು ಕಾಯುವುದನ್ನು ಬಿಟ್ಟಿತು. ಕಾಯ್ದು ಸಾಕಾದ ಮೇಲೆ ರಸೀದಿಯನ್ನು ರದ್ದುಮಾಡುವ ಬದಲು ‘ಹಣ ಏನಾಯಿತು?’ ಎಂದು ಬ್ಯಾಂಕನ್ನು ಮತ್ತೊಮ್ಮೆ ಕೇಳುವಂತೆ ತಂತ್ರಾಂಶವನ್ನು ತಿದ್ದಬೇಕು ಎಂಬುದು ಆಗ ತಿಳಿಯುತ್ತದೆ. ದೋಷವಿದ್ದದ್ದು ಯಾವ ಒಂದು ಸೇವೆಯಲ್ಲಿಯೂ ಅಲ್ಲ, ಎರಡರ ನಡುವೆ. ನಡುವಿನ ದೋಷವು ಯಾರೊಬ್ಬರ ಪುಸ್ತಕದಲ್ಲಿಯೂ ಇರುವುದಿಲ್ಲ.

ಗಡಿಯಾರಗಳ ಹೊಂದಾಣಿಕೆ

ಮೇಲಿನ ತೀರ್ಮಾನವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆಯೆಂಬುದನ್ನು ವಾಚಕರು ಗಮನಿಸಿರಬಹುದು. ಮೂರು ಯಂತ್ರಗಳ ಗಡಿಯಾರಗಳೂ ಒಂದೇ ಸಮಯವನ್ನು ತೋರಿಸುತ್ತಿದ್ದವೆಂಬುದೇ ಆ ನಂಬಿಕೆ. ಬ್ಯಾಂಕ್ ಸಂಪರ್ಕ ಸೇವೆಯ ಗಡಿಯಾರ 3 ಸೆಕೆಂಡು ಹಿಂದಿದ್ದರೆ ನಾಲ್ಕನೆಯ ಸಾಲು 10:15:11 ಎಂದಿರುತ್ತಿತ್ತು. ಆಗ ನಾವು ಉತ್ತರ ಸಕಾಲಕ್ಕೇ ಬಂದಿತ್ತೆಂದು ತಿಳಿದು, ನಿರಪರಾಧಿಯಾದ ಬೇರೊಂದು ಭಾಗವನ್ನು ಶಂಕಿಸುತ್ತಿದ್ದೆವು.

ನಮ್ಮ ದೇಶದಲ್ಲಿಯೇ ಇಂಥ ತೊಡಕು ಒಂದು ಕಾಲದಲ್ಲಿ ಇದ್ದಿತು. 1906ರಲ್ಲಿ ಭಾರತೀಯ ಪ್ರಮಾಣ ಸಮಯ ಜಾರಿಗೆ ಬರುವ ಮುನ್ನ ಕಲ್ಕತ್ತೆಗೆ ಒಂದು ಸಮಯ, ಮುಂಬಯಿಗೆ ಒಂದು ಸಮಯ ಇದ್ದಿತು. ಇವೆರಡರ ಅಂತರ ಒಂದು ಗಂಟೆಗಿಂತ ತುಸು ಹೆಚ್ಚು. ಕಲ್ಕತ್ತೆಯಿಂದ ತಂತಿ ಕಳುಹಿಸಿದವನೂ ಮುಂಬಯಿಯಲ್ಲಿ ಅದನ್ನು ಪಡೆದವನೂ ತಮ್ಮ ತಮ್ಮ ಊರಿನ ಗಡಿಯಾರವನ್ನೇ ನೋಡಿ ವೇಳೆ ಬರೆದುಕೊಂಡಿದ್ದರೆ, ತಂತಿಯು ಕಳುಹಿಸುವುದಕ್ಕೆ ಮೊದಲೇ ತಲುಪಿದಂತೆ ಕಾಣುತ್ತಿತ್ತು! ಈ ಗೊಂದಲವನ್ನು ತಪ್ಪಿಸುವುದಕ್ಕಾಗಿಯೇ ರೈಲು ಮತ್ತು ತಂತಿಯ ವ್ಯವಹಾರಗಳಲ್ಲಿ ಮದರಾಸಿನ ಸಮಯವನ್ನು ಅನುಸರಿಸುತ್ತಿದ್ದರು.

ಗಣಕಗಳಿಗೆ ಈ ಹೊಂದಾಣಿಕೆಯನ್ನು ಒದಗಿಸುವುದು ಎನ್.ಟಿ.ಪಿ. ಎಂಬ ನಿಯಮಾವಳಿ. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ ಇದು 1985ರಲ್ಲಿ ಪ್ರಕಟವಾಯಿತು. ಯಂತ್ರವು ಆಗಾಗ ಸಮಯದ ಸರ್ವರನ್ನು ಕೇಳಿ, ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ಇಷ್ಟಾದರೂ ಸೆಕೆಂಡಿನ ಸಾವಿರದ ಒಂದೆರಡು ಭಾಗಗಳಷ್ಟು ವ್ಯತ್ಯಾಸ ಉಳಿಯುವುದು ಅಪರೂಪವಲ್ಲ. ಅಷ್ಟು ಹೊತ್ತಿನಲ್ಲಿ ಗಣಕವು ಎಷ್ಟೋ ಕೆಲಸಗಳನ್ನು ಮುಗಿಸಿಬಿಡುತ್ತದೆ. ಆದಕಾರಣ ಗಡಿಯಾರವೊಂದನ್ನೇ ನಂಬಿದರೆ ಸಾಲದು. ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿಜ್ಞಾನಿ 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದಕ್ಕೆ ದಾರಿ ತೋರಿಸಿದನು. ಸಂದೇಶವೊಂದು ತಲುಪುವುದು ಅದನ್ನು ಕಳುಹಿಸಿದ ಬಳಿಕವೇ. ಯಾವುದು ಯಾವುದಕ್ಕೆ ಕಾರಣವಾಯಿತೆಂಬುದನ್ನು ಹಿಡಿದು ಹೊರಟರೆ ಗಡಿಯಾರದ ಹಂಗಿಲ್ಲದೆಯೂ ಘಟನೆಗಳ ಹಿಂದುಮುಂದನ್ನು ಬಹುಮಟ್ಟಿಗೆ ನಿರ್ಣಯಿಸಬಹುದು.

ಜಾಡು ಹಿಡಿಯುವ ಸಂಖ್ಯೆ

ಇನ್ನೊಂದು ಪ್ರಶ್ನೆ ಉಳಿಯಿತು. ಅದೇ ಕ್ಷಣದಲ್ಲಿ ಸಾವಿರಾರು ವಿದ್ಯಾರ್ಥಿಗಳು ಶುಲ್ಕ ಕಟ್ಟುತ್ತಿರುತ್ತಾರೆ. ಸಾವಿರಾರು ಸಾಲುಗಳ ಮಧ್ಯದಲ್ಲಿ ನಮ್ಮ ವಿದ್ಯಾರ್ಥಿನಿಗೆ ಸಂಬಂಧಿಸಿದ ನಾಲ್ಕು ಸಾಲುಗಳು ಇವೇ ಎಂದು ಗುರುತಿಸುವುದು ಹೇಗೆ?

ಕಚೇರಿಗೆ ಬಂದ ಅರ್ಜಿಗೆ ಬಾಗಿಲಿನಲ್ಲಿಯೇ ಒಂದು ಸಂಖ್ಯೆಯನ್ನು ಕೊಟ್ಟು, ಅದು ಯಾವ ಮೇಜಿಗೆ ಹೋದರೂ ಅದೇ ಸಂಖ್ಯೆಯಿಂದ ಗುರುತಿಸುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಇಲ್ಲಿಯೂ ಹಾಗೆಯೇ. ಕೋರಿಕೆಯು ಮೊದಲ ಸೇವೆಯನ್ನು ಮುಟ್ಟಿದ ಕೂಡಲೆ ಅದಕ್ಕೊಂದು ಜಾಡುಸಂಖ್ಯೆ ದೊರೆಯುತ್ತದೆ. ಒಂದು ಸೇವೆ ಇನ್ನೊಂದನ್ನು ಕರೆಯುವಾಗಲೆಲ್ಲ ಈ ಸಂಖ್ಯೆಯನ್ನೂ ದಾಟಿಸಬೇಕು. ಬರೆಯುವ ಪ್ರತಿಯೊಂದು ಸಾಲಿನಲ್ಲಿಯೂ ಅದನ್ನು ನಮೂದಿಸಬೇಕು. ಗೂಗಲ್ ಸಂಸ್ಥೆಯವರು ಡ್ಯಾಪರ್ ಎಂಬ ತಮ್ಮ ಇಂಥ ವ್ಯವಸ್ಥೆಯನ್ನು ಕುರಿತು 2010ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಸಂಖ್ಯೆಯನ್ನು ಬರೆಯುವ ಕ್ರಮ ಎಲ್ಲೆಡೆಯೂ ಒಂದೇ ಆಗಿರಲೆಂದು 2020ರಲ್ಲಿ ಅಂತರರಾಷ್ಟ್ರೀಯ ಮಾನದಂಡವೊಂದು ಸಿದ್ಧವಾಯಿತು. ಅದರ ಪ್ರಕಾರ ಜಾಡುಸಂಖ್ಯೆಯ ಉದ್ದ 128 ಬಿಟ್. ಇಷ್ಟು ಉದ್ದದಲ್ಲಿ ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳು ಸುಮಾರು 34ರ ಮುಂದೆ 37 ಸೊನ್ನೆಗಳನ್ನಿಟ್ಟಷ್ಟು. ಆದುದರಿಂದ ಯಂತ್ರಗಳು ಒಂದನ್ನೊಂದು ಕೇಳದೆ ಯದೃಚ್ಛೆಯಾಗಿ ಸಂಖ್ಯೆಗಳನ್ನು ಆರಿಸಿಕೊಂಡರೂ ಎರಡು ಕೋರಿಕೆಗಳಿಗೆ ಒಂದೇ ಸಂಖ್ಯೆ ಬೀಳುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಸಾಲುಗಳ ರೂಪವೂ ಒಂದೇ ಬಗೆಯಾಗಿರಬೇಕು. ಒಬ್ಬರು ‘ಹಣ ಬರಲಿಲ್ಲ’ ಎಂದೂ ಇನ್ನೊಬ್ಬರು ‘ಪಾವತಿ ವಿಫಲ’ ಎಂದೂ ಮನಸ್ಸಿಗೆ ತೋರಿದಂತೆ ಬರೆದರೆ ಯಂತ್ರವು ಹುಡುಕಲಾರದು. ಸಮಯ, ಸೇವೆಯ ಹೆಸರು, ಜಾಡುಸಂಖ್ಯೆ, ತೀವ್ರತೆಯ ಮಟ್ಟ, ನಡೆದ ಸಂಗತಿ ಎಂದು ಪ್ರತಿಯೊಂದಕ್ಕೂ ಪ್ರತ್ಯೇಕ ಅಂಕಣವಿರುವುದು ಲೇಸು. ತೀವ್ರತೆಯ ಮಟ್ಟಗಳು ಹೊಸವಲ್ಲ. 1980ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್ಮನ್ ರಚಿಸಿದ ಸಿಸ್‌ಲಾಗ್ ಎಂಬ ವ್ಯವಸ್ಥೆಯಿಂದ ಬಂದ ಕ್ರಮದಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟಗಳುಂಟು: 0 ಎಂದರೆ ಯಂತ್ರವೇ ನಿಷ್ಪ್ರಯೋಜಕವಾಗುವಷ್ಟು ದೊಡ್ಡ ವಿಪತ್ತು, 7 ಎಂದರೆ ದೋಷವನ್ನು ಹುಡುಕುವಾಗ ಮಾತ್ರ ಬೇಕಾಗುವ ಸೂಕ್ಷ್ಮ ವಿವರ.

ಸಂಗ್ರಹದ ಏರ್ಪಾಡು

ಇನ್ನು ಈ ಸಾಲುಗಳು ಕ್ಲೌಡಿನಲ್ಲಿರುವ ಕೇಂದ್ರ ಸಂಗ್ರಹವನ್ನು ಸೇರುವ ಬಗೆಯನ್ನು ನೋಡೋಣ. ಇದರಲ್ಲಿ ನಾಲ್ಕು ಹಂತಗಳನ್ನು ಕಾಣಬಹುದು.

ಮೊದಲನೆಯದು ಸಂಗ್ರಾಹಕ. ಸೇವೆಯು ತನ್ನ ಸಾಲನ್ನು ಹೊರಗೆ ಉಸುರಿದರೆ ಸಾಕು. ಅದು ಎಲ್ಲಿಗೆ ಹೋಗಬೇಕೆಂಬ ಚಿಂತೆ ಅದಕ್ಕೆ ಬೇಡ. ಪ್ರತಿಯೊಂದು ಯಂತ್ರದಲ್ಲಿಯೂ ನೆಲೆಸಿರುವ ಚಿಕ್ಕ ತಂತ್ರಾಂಶವೊಂದು ಅಲ್ಲಿಯ ಎಲ್ಲ ಕಂಟೇನರುಗಳ ಸಾಲುಗಳನ್ನೂ ಆಯ್ದುಕೊಂಡು ಮುಂದೆ ಸಾಗಿಸುತ್ತದೆ. ಫ್ಲೂಯೆಂಟ್‌ಡಿ ಇಂಥ ತಂತ್ರಾಂಶಗಳಲ್ಲೊಂದು.

ಎರಡನೆಯದು ತಾತ್ಕಾಲಿಕ ಶೇಖರಣೆ. ಮಳೆ ಒಂದೇ ಸಮನೆ ಸುರಿದಾಗ ನೀರೆಲ್ಲವೂ ನೇರವಾಗಿ ಗದ್ದೆಗೆ ನುಗ್ಗಿದರೆ ಪೈರು ಕೊಚ್ಚಿಹೋಗುತ್ತದೆ. ಅದನ್ನು ಕೆರೆಯಲ್ಲಿ ತಡೆದು ತೂಬಿನ ಮೂಲಕ ಬೇಕಾದಷ್ಟೇ ಬಿಡುತ್ತಾರೆ. ಯಂತ್ರಗಳು ಕೆಟ್ಟಾಗ ದೋಷದ ಸಾಲುಗಳೂ ಹಾಗೆಯೇ ಒಮ್ಮೆಲೇ ಸುರಿಯತೊಡಗುತ್ತವೆ. ದಾಖಲೆಗಳು ಬಹಳ ಬೇಕಾಗುವುದೂ ಅದೇ ಹೊತ್ತಿನಲ್ಲಿಯೇ. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ಕಾಫ್ಕಾದಂಥ ತಂತ್ರಾಂಶಗಳು ಈ ಕೆರೆಯ ಕೆಲಸವನ್ನು ಮಾಡುತ್ತವೆ.

ಮೂರನೆಯದು ಸೂಚಿಯೊಡಗೂಡಿದ ಭಂಡಾರ. ಪಠ್ಯಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ತಿಳಿಸುವ ಪದಸೂಚಿ ಇರುತ್ತದಷ್ಟೆ. ಅದೇ ಬಗೆಯ ಸೂಚಿಯನ್ನು ಪ್ರತಿಯೊಂದು ಪದಕ್ಕೂ ಸಿದ್ಧಪಡಿಸಿಕೊಂಡರೆ ಕೋಟಿಗಟ್ಟಲೆ ಸಾಲುಗಳಲ್ಲಿ ಬೇಕಾದುದನ್ನು ಕ್ಷಣದಲ್ಲಿ ಹುಡುಕಬಹುದು. ಇಲಾಸ್ಟಿಕ್‌ಸರ್ಚ್ ಈ ಮಾರ್ಗವನ್ನು ಅನುಸರಿಸುತ್ತದೆ. ಆದರೆ ಸೂಚಿಯೇ ಬಹಳ ಸ್ಥಳವನ್ನು ನುಂಗುತ್ತದೆ. 2018ರಲ್ಲಿ ಹೊರಬಂದ ಲೋಕಿ ಎಂಬ ತಂತ್ರಾಂಶವು ಸೇವೆಯ ಹೆಸರೇ ಮೊದಲಾದ ಕೆಲವು ಚೀಟಿಗಳಿಗಷ್ಟೇ ಸೂಚಿಯನ್ನಿಟ್ಟುಕೊಂಡು, ಉಳಿದುದನ್ನು ಹುಡುಕುವಾಗ ಓದಿಕೊಳ್ಳುತ್ತದೆ. ಮೊದಲನೆಯದರಲ್ಲಿ ವೇಗ ಹೆಚ್ಚು, ಎರಡನೆಯದರಲ್ಲಿ ಖರ್ಚು ಕಡಿಮೆ.

ನಾಲ್ಕನೆಯದು ಓದುವ ಮತ್ತು ಎಚ್ಚರಿಸುವ ಅಂಗ. ರಾತ್ರಿಯೆಲ್ಲ ಕುಳಿತು ಸಾಲುಗಳನ್ನು ಓದುವುದು ಯಾವ ಮನುಷ್ಯನಿಗೂ ಸಾಧ್ಯವಲ್ಲ. ‘ಐದು ನಿಮಿಷಗಳಲ್ಲಿ ನೂರಕ್ಕಿಂತ ಹೆಚ್ಚು ರಸೀದಿಗಳು ರದ್ದಾದರೆ ಎಬ್ಬಿಸು’ ಎಂದು ಯಂತ್ರಕ್ಕೇ ಹೇಳಿಡಬೇಕು. ಇದು ಮೊದಲೇ ಆಗಬೇಕಾದ ಕೆಲಸ. ಅನಾಹುತವಾದ ಬಳಿಕ ದಾಖಲೆಯ ಏರ್ಪಾಡಿಗೆ ಕೈಹಾಕುವುದು, ಕೋಟೆ ಸೂರೆಯಾದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ.

ಎಷ್ಟು ಬರೆಯಬೇಕು?

ಎಲ್ಲವನ್ನೂ ಬರೆದಿಟ್ಟರೆ ಆಗದೇ ಎಂದು ಕೇಳಬಹುದು. ಸಣ್ಣದೊಂದು ಲೆಕ್ಕವನ್ನು ಮಾಡೋಣ. ಒಂದು ಕೋರಿಕೆಯು 8 ಸೇವೆಗಳನ್ನು ಹಾಯುತ್ತದೆ, ಪ್ರತಿಯೊಂದು ಸೇವೆಯೂ 3 ಸಾಲುಗಳನ್ನು ಬರೆಯುತ್ತದೆ, ಒಂದು ಸಾಲಿಗೆ 500 ಬೈಟುಗಳು ಬೇಕು ಎಂದಿಟ್ಟುಕೊಂಡರೆ ಒಂದು ಕೋರಿಕೆಗೆ 12,000 ಬೈಟುಗಳಾದವು. ದಿನಕ್ಕೆ ಹತ್ತು ಲಕ್ಷ ಕೋರಿಕೆಗಳು ಬಂದರೆ 12 ಗಿಗಾಬೈಟ್. 180 ದಿನಗಳಿಗೆ 2,160 ಗಿಗಾಬೈಟ್. ಕ್ಲೌಡಿನಲ್ಲಿ ಸಾಗಿಸುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಹುಡುಕುವುದಕ್ಕೂ ಬಾಡಿಗೆ ತೆರಬೇಕು. ಆದುದರಿಂದ ಇತ್ತೀಚಿನ ದಿನಗಳ ಸಾಲುಗಳನ್ನು ಬೇಗ ಹುಡುಕಬಹುದಾದ ಭಂಡಾರದಲ್ಲಿಯೂ, ಹಳೆಯವನ್ನು ಅಗ್ಗದ ಉಗ್ರಾಣದಲ್ಲಿಯೂ ಇಡುವುದು ರೂಢಿ. ಸುಸೂತ್ರವಾಗಿ ನಡೆದ ಕೋರಿಕೆಗಳ ವಿವರಗಳಲ್ಲಿ ನೂರಕ್ಕೆ ಕೆಲವನ್ನು ಮಾದರಿಗೆಂದು ಉಳಿಸಿ, ಕೆಟ್ಟವುಗಳ ವಿವರವನ್ನು ಪೂರ್ತಿಯಾಗಿ ಉಳಿಸಿಕೊಳ್ಳುವ ಪದ್ಧತಿಯೂ ಉಂಟು.

ನಮ್ಮ ಲೆಕ್ಕದಲ್ಲಿ 180 ಎಂಬ ಸಂಖ್ಯೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಭಾರತ ಸರ್ಕಾರದ ಗಣಕ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಭದ್ರವಾಗಿ ಇಟ್ಟುಕೊಂಡಿರಬೇಕೆಂದು ವಿಧಿಸಿತು. ಗಡಿಯಾರಗಳನ್ನು ರಾಷ್ಟ್ರೀಯ ಸೂಚನಾವಿಜ್ಞಾನ ಕೇಂದ್ರ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂಬ ಮಾತೂ ಅದೇ ನಿರ್ದೇಶನಗಳಲ್ಲಿ ಸೇರಿದೆ. ದಾಖಲೆ ಮತ್ತು ಗಡಿಯಾರಗಳ ಸಂಬಂಧವನ್ನು ಕಾನೂನೂ ಒಪ್ಪಿಕೊಂಡಿತೆನ್ನಬಹುದು.

ಬರೆಯಬಾರದ್ದು

ದಾಖಲೆಯಲ್ಲಿ ಏನು ಇರಬೇಕೆಂಬುದರಷ್ಟೇ ಏನು ಇರಕೂಡದೆಂಬುದೂ ಮುಖ್ಯ. ಆಗ ಟ್ವಿಟರ್ ಎಂಬ ಹೆಸರಿದ್ದ ಸಂಸ್ಥೆಯು 2018ರ ಮೇ ತಿಂಗಳಲ್ಲಿ ತನ್ನ 33 ಕೋಟಿಗೂ ಮಿಕ್ಕ ಬಳಕೆದಾರರಿಗೆ ಗುಪ್ತಪದಗಳನ್ನು ಬದಲಾಯಿಸಿಕೊಳ್ಳುವಂತೆ ಸೂಚಿಸಿತು. ಗುಪ್ತಪದಗಳನ್ನು ಗೂಢರೂಪಕ್ಕೆ ತಿರುಗಿಸುವ ಮುನ್ನವೇ ಅವು ಒಳಗಿನ ಲಾಗಿನಲ್ಲಿ ಇದ್ದಂತೆಯೇ ದಾಖಲಾಗುತ್ತಿದ್ದುದು ಪತ್ತೆಯಾಗಿತ್ತು. ಹೊರಗಿನವರು ಅವನ್ನು ಕದ್ದ ಕುರುಹು ಕಾಣಲಿಲ್ಲವೆಂದು ಸಂಸ್ಥೆ ತಿಳಿಸಿತು. ಆದರೂ ಕಾವಲಿಗೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯಬಹುದೆಂಬುದಕ್ಕೆ ಇದು ನಿದರ್ಶನ. ಎಲ್ಲ ಸೇವೆಗಳ ದಾಖಲೆಗಳನ್ನೂ ಒಂದೆಡೆ ಕೂಡಿಸಿದಾಗ ಕಳ್ಳನಿಗೂ ಒಂದೇ ಬೀಗವನ್ನು ಒಡೆದರೆ ಸಾಕಾಗುತ್ತದೆ. ಆದಕಾರಣ ಗುಪ್ತಪದ, ಬ್ಯಾಂಕ್ ಕಾರ್ಡಿನ ಸಂಖ್ಯೆ, ಆಧಾರ್ ಸಂಖ್ಯೆ ಮೊದಲಾದುವನ್ನು ಸಂಗ್ರಾಹಕದ ಹಂತದಲ್ಲಿಯೇ ಮರೆಮಾಡಬೇಕು. ಭಂಡಾರವನ್ನು ಯಾರು ಓದಬಹುದೆಂಬುದನ್ನು ಕಟ್ಟುನಿಟ್ಟಾಗಿ ಗೊತ್ತುಪಡಿಸಬೇಕು. ಯಾರು ಓದಿದರೆಂಬುದನ್ನೂ ದಾಖಲಿಸಬೇಕು.

ಬರೆಯುವ ಲೇಖನಿಯೇ ಅಪಾಯಕಾರಿಯಾದ ಸಂದರ್ಭವೂ ಉಂಟು. ಜಾವಾ ಭಾಷೆಯ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿದ್ದ ಲಾಗ್‌ಫೋರ್‌ಜೆ ಎಂಬ ದಾಖಲೆ ಬರೆಯುವ ಸಾಧನದಲ್ಲಿ 2021ರ ಡಿಸೆಂಬರಿನಲ್ಲಿ ಭಾರಿ ದೋಷವೊಂದು ಬಯಲಾಯಿತು. ಒಂದು ವಿಶಿಷ್ಟ ರೂಪದ ಪದಪುಂಜವನ್ನು ಬರೆಯಲು ಕೊಟ್ಟರೆ, ಅದು ಬರೆಯುವುದರ ಜೊತೆಗೆ ಹೊರಗಿನಿಂದ ಬೇರೆಯವರ ಆದೇಶಗಳನ್ನು ತರಿಸಿಕೊಂಡು ಪಾಲಿಸಿಬಿಡುತ್ತಿತ್ತು! ಇದರ ಅಪಾಯಕ್ಕೆ ಹತ್ತಕ್ಕೆ ಹತ್ತು ಅಂಕಗಳು ದೊರೆತವು. ಲೋಕದ ಎಲ್ಲೆಡೆ ಈ ಸಾಧನವನ್ನು ಅವಸರದಿಂದ ದುರಸ್ತಿಮಾಡಬೇಕಾಯಿತು.

ಭಂಡಾರವು ತಾನು ಗಮನಿಸುವ ವ್ಯವಸ್ಥೆಯನ್ನೇ ಪೂರ್ತಿಯಾಗಿ ಅವಲಂಬಿಸಿರಕೂಡದೆಂಬುದು ಕಡೆಯ ಎಚ್ಚರಿಕೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನ ಸೇವೆಗಳು ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದಾಗ, ದೋಷವನ್ನು ಹುಡುಕಲು ಎಂಜಿನಿಯರುಗಳು ಬಳಸುತ್ತಿದ್ದ ಒಳಗಿನ ಸಾಧನಗಳಲ್ಲಿ ಅನೇಕವು ಅದೇ ಜಾಲವನ್ನು ನೆಚ್ಚಿದ್ದುದರಿಂದ ಅವೂ ಕೆಲಸಕ್ಕೆ ಬಾರದಾದವು. ಬೆಂಕಿಯನ್ನು ಆರಿಸುವ ನೀರಿನ ತೊಟ್ಟಿಯನ್ನು ಹುಲ್ಲಿನ ಬಣವೆಯ ಒಳಗೆ ಇಡುವುದುಂಟೆ?

ಇಷ್ಟನ್ನು ಓದಿದ ವಿದ್ಯಾರ್ಥಿಗಳು ತಮ್ಮ ಗಣಕದಲ್ಲಿಯೇ ಇದನ್ನು ಪ್ರಯೋಗಮಾಡಿ ನೋಡಬಹುದು. ಒಂದನ್ನೊಂದು ಕರೆಯುವ ಎರಡು ಪುಟ್ಟ ತಂತ್ರಾಂಶಗಳನ್ನು ಬರೆಯಿರಿ. ಎರಡೂ ತಮ್ಮ ಸಾಲುಗಳನ್ನು ಒಂದೇ ಕಡತಕ್ಕೆ, ಸಮಯ ಮತ್ತು ಜಾಡುಸಂಖ್ಯೆಗಳ ಸಹಿತ, ಬರೆಯಲಿ. ಅನಂತರ ಎರಡನೆಯದು ಬೇಕೆಂದೇ ತಡವಾಗಿ ಉತ್ತರಿಸುವಂತೆ ಮಾಡಿ, ಮೊದಲನೆಯದು ಕಾಯುವುದನ್ನು ಬಿಟ್ಟ ಗಳಿಗೆಯನ್ನು ಕಡತದಲ್ಲಿ ಹುಡುಕಿರಿ. ಜಾಡುಸಂಖ್ಯೆಯನ್ನು ಅಳಿಸಿ ಮತ್ತೊಮ್ಮೆ ಹುಡುಕಿದರೆ ಅದರ ಬೆಲೆ ತಾನಾಗಿಯೇ ಮನದಟ್ಟಾಗುವುದು. ಶುಲ್ಕ ಕಟ್ಟಿದ ವಿದ್ಯಾರ್ಥಿನಿ ಈ ಸಾಲುಗಳನ್ನು ಎಂದಿಗೂ ನೋಡುವುದಿಲ್ಲ. ಆದರೆ ಅವಳ ಮಾತನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವವರ ಮುಂದೆ ಇರುವುದು ಅವಷ್ಟೆ. ಅವನ್ನು ನೇರ್ಪಾಗಿ ಬರೆದಿಡುವುದು ತಂತ್ರಾಂಶವನ್ನು ರಚಿಸುವವರ ಹೊಣೆ.